ಹನ್ನೆರಡು ಚೀಲದ ಅಂದಾಜು

ಆಗ ನನಗೆ ಹತ್ತೊಂಬತ್ತು. ಅದಾಗಿ ಐವತ್ತೆಂಟು ವರ್ಷವಾಯಿತು. ಒಂದೆರಡು ವರ್ಷ ಆಚೀಚೆ ಇದ್ದರೂ ಇರಬಹುದು, ನಮ್ಮವ್ವ ನಾನು ಹುಟ್ಟಿದ ದಿನ ಬರೆದಿಟ್ಟವಳಲ್ಲ. ಮಹಾರಾಜರ ಆಳ್ವಿಕೆ, ಎಲ್ಲೋ ದೂರದಲ್ಲಿ ಯುದ್ಧ, ಅಂಗಡಿಯಲ್ಲಿ ಸೀಮೆಎಣ್ಣೆ ಇಲ್ಲ, ನನಗೆ ಮದುವೆಯಾಗಿ ಮೂರು ವರ್ಷ. ಇಷ್ಟು ಗುರುತಿದೆ.

ಹುಣಸೂರಿನಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದೆ. ಕರಣೆ ಹಿಡಿಯುವುದು ಗಂಡಸರ ಕೆಲಸ, ಹೊರುವುದು ನಮ್ಮದು. ನನ್ನ ಗಂಡ ಗಾಡಿ ಹೊಡೆಯುತ್ತಿದ್ದ. ಹೊಳೆಯಿಂದ ಮರಳು, ಗೂಡಿನಿಂದ ಸುಣ್ಣ, ಇಟ್ಟಿಗೆ ಚೂರು ತಂದು ಅವನು ಸುರಿಯುವುದು, ಅದನ್ನು ನಾನು ತಲೆ ಮೇಲೆ ಹೊತ್ತು ಹಾಕುವುದು. ಸಂಸಾರ ಹೀಗೇ ನಡೆಯುತ್ತಿತ್ತು, ಮಾತು ಕಮ್ಮಿ.

ನಮ್ಮ ಗುಂಪಿಗೆ ಒಬ್ಬ ಮೇಸ್ತ್ರಿ. ಮೇಸ್ತ್ರಿಯ ಮೇಲೆ ಓವರ್ಸೀರು ಸ್ವಾಮಿಗಳು. ನಾನು ಬರೆಯಲು ಕೂತಿರುವುದು ಅವರ ವಿಷಯ. ಹೆಸರು ಹಾಕುವುದಿಲ್ಲ. ಮಕ್ಕಳು ಮೊಮ್ಮಕ್ಕಳು ಎಲ್ಲಾದರೂ ಇರುತ್ತಾರೆ, ಅವರಿಗೆ ತಮ್ಮ ತಾತ ದೊಡ್ಡ ಮನುಷ್ಯ. ದೊಡ್ಡ ಮನುಷ್ಯರೇ. ಆಳುಗಳ ಮೇಲೆ ಕೈ ಎತ್ತಿದವರಲ್ಲ, ಹೆಣ್ಣಾಳುಗಳನ್ನು ಕೆಟ್ಟ ಕಣ್ಣಿನಿಂದ ನೋಡಿದವರಲ್ಲ, ಯಾರ ಮನೆಯ ಒಂದು ಇಟ್ಟಿಗೆಯನ್ನೂ ತಮ್ಮ ಮನೆಗೆ ಸಾಗಿಸಿದವರಲ್ಲ. ಅಂದಾಜು ಒಂದು ಬರುತ್ತಿರಲಿಲ್ಲ. ಅವರಿಗೆ ಊರಲ್ಲಿ ಹೆಸರಿದ್ದದ್ದು ಅಂದಾಜಿಗೇ.

ಸರ್ಕಾರದ ಕೆಲಸ ಮುಗಿಸಿ ಊರಿಗೆ ಬಂದವರು. ಕನ್ನಂಬಾಡಿ ಕಟ್ಟೆ ಕಟ್ಟುವಾಗ ಅಲ್ಲಿದ್ದರಂತೆ. ಕಟ್ಟೆಯನ್ನು ತಾವೇ ಕಟ್ಟಿದೆ ಎಂದು ಹೇಳಿಕೊಳ್ಳುತ್ತಿರಲಿಲ್ಲ. "ಕಟ್ಟಿದವರು ಬೇರೆ. ನಾನು ಅಳೆದೆ" ಅನ್ನುತ್ತಿದ್ದರು. ಅವರು ಅನ್ನುವ ರೀತಿಗೆ, ಕಟ್ಟುವುದೇನು ಯಾರು ಬೇಕಾದರೂ ಕಟ್ಟಬಹುದು ಎಂದು ಕೇಳಿದವರಿಗೆ ಅನ್ನಿಸುತ್ತಿತ್ತು.

ಕಪ್ಪು ಕೋಟು, ಬಿಳಿ ಪಂಚೆ, ಕೊಡೆ, ಚರ್ಮದ ಡಬ್ಬಿಯಲ್ಲಿ ಸುತ್ತಿಟ್ಟ ಬಟ್ಟೆಯ ಟೇಪು. ಸುತ್ತ ಸುಣ್ಣ ಹಾರುತ್ತಿದ್ದರೂ ಆ ಪಂಚೆಯ ಮೇಲೆ ಕಲೆ ಕಂಡವರಿಲ್ಲ. ಕೆಲಸದ ಜಾಗದಲ್ಲಿ ಕೂರುತ್ತಿರಲಿಲ್ಲ. ಮೇಸ್ತ್ರಿ ಕಲ್ಲು ಒರೆಸಿ ಕೊಟ್ಟರೆ, "ಕೂತರೆ ಕೆಲಸವೂ ಕೂರುತ್ತೆ" ಎಂದು ನಿಂತೇ ಇರುತ್ತಿದ್ದರು. ಟೇಪಿನ ಆ ತುದಿ ಹಿಡಿಯಲು ಹೆಣ್ಣಾಳೇ ಆಗಬೇಕು, ಗಂಡಾಳು ಜಗ್ಗಿ ಬಟ್ಟೆ ಹಿಗ್ಗಿಸುತ್ತಾನೆ ಎಂದು ಅವರ ಎಣಿಕೆ. ಹಾಗಾಗಿ ಆ ತುದಿ ಬಹಳ ಸಲ ನನ್ನ ಕೈಯಲ್ಲಿತ್ತು.

"ಗೋಡೆಗೆ ಮುಟ್ಟಿಸಿದ್ದೀಯಾ?"

"ಮುಟ್ಸಿವ್ನಿ ಸ್ವಾಮಿ."

"ಸರಿಯಾಗಿ ಮುಟ್ಟಿಸು."

"ಇನ್ನೂ ಮುಟ್ಸುದ್ರೆ ಆಚೆ ಮನೇಗೋಯ್ತದೆ."

"ತಮಾಷೆ ಬೇಡಮ್ಮ. ಒಂದಂಗುಲ ತಪ್ಪಿದರೆ ಒಂದು ಬಾಂಡ್ಲಿ ತಪ್ಪುತ್ತೆ."

ಅಳೆದಾದ ಮೇಲೆ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಪುಸ್ತಕದಲ್ಲಿ ಏನೋ ಗೀಚುತ್ತಿದ್ದರು. ಆಮೇಲೆ ಹೊಸ್ತಿಲಲ್ಲಿ ನಿಂತು ಮನೆಯವರಿಗೆ ಕೇಳುವ ಹಾಗೆ, "ಸುಣ್ಣ ಹತ್ತು ಗಾಡಿ, ಇಟ್ಟಿಗೆ ಚೂರು ಹದಿನಾಲ್ಕು ಗಾಡಿ. ಹೆಚ್ಚಿಲ್ಲ, ಕಮ್ಮಿ ಇಲ್ಲ" ಅನ್ನುತ್ತಿದ್ದರು. ಮೇಸ್ತ್ರಿ ತಲೆ ಆಡಿಸುತ್ತಿದ್ದ. ಕೆಲಸ ಮುಗಿದ ದಿನ ಬಂದು ನೋಡಿದರೆ ಚಾವಣಿ ಪೂರ್ತಿ ಆಗಿರುತ್ತಿತ್ತು, ಕೆಳಗೆ ರಾಶಿ ಇದ್ದ ಜಾಗ ಗುಡಿಸಿದ ಹಾಗಿರುತ್ತಿತ್ತು. ಮನೆಯವರ ಕಡೆ ತಿರುಗಿ "ನೋಡಿದಿರಾ" ಅನ್ನುವರು. ಅಷ್ಟೇ. ಅದಕ್ಕಿಂತ ಜಾಸ್ತಿ ಮಾತು ಅವರಿಗೆ ಬೇಕಿರಲಿಲ್ಲ.

ಅದು ಹೇಗೆ ಸರಿಹೋಗುತ್ತಿತ್ತು ಎಂದು ನನಗೆ ಮದುವೆಯಾದ ಮೇಲೆ ತಿಳಿಯಿತು. ಅವರು ಹತ್ತು ಗಾಡಿ ಅಂದರೆ ಹತ್ತೇ ಗಾಡಿ ಬರುತ್ತಿತ್ತು, ಅದರಲ್ಲಿ ಮೋಸವಿಲ್ಲ. ಆದರೆ ನನ್ನ ಗಂಡನೂ ಮಿಕ್ಕ ಗಾಡಿಯವರೂ ಗಾಡಿಯ ಎರಡು ಕಡೆಗೂ ಬಿದಿರ ತಟ್ಟಿ ಕಟ್ಟಿ, ಒಂದೊಂದು ಗಾಡಿಗೂ ಒಂದೂವರೆ ಗಾಡಿ ತುಂಬುತ್ತಿದ್ದರು. ಸುಣ್ಣದ ಗೂಡಿನವನಿಗೂ ಮೇಸ್ತ್ರಿಗೂ ಅದರಲ್ಲಿ ಹೊಂದಿಕೆ ಇತ್ತು. ಅವರು ಬರೆದಷ್ಟೇ ತುಂಬಿದ್ದರೆ ಈ ಊರಿನ ಒಂದು ಮನೆಗೂ ಪೂರ್ತಿ ಚಾವಣಿ ಇರುತ್ತಿರಲಿಲ್ಲ. ಸ್ವಾಮಿಗಳು ಗಾಡಿ ಎಣಿಸುತ್ತಿದ್ದರು. ಗಾಡಿಯ ಎತ್ತರ ನೋಡುತ್ತಿರಲಿಲ್ಲ.

ಯಾಕೆ ಹೀಗೆ ಮಾಡುತ್ತಿದ್ದೆವು ಎಂದರೆ ಅವರ ಮೇಲಿನ ಪ್ರೀತಿಗಲ್ಲ. ಅಂದಾಜು ತಪ್ಪದವರು ಎಂದು ಊರಿನವರು ಅವರನ್ನು ಕರೆಯುವರು, ಅವರು ನಮ್ಮ ಮೇಸ್ತ್ರಿಯನ್ನು ಕರೆಯುವರು, ಮೇಸ್ತ್ರಿ ನಮ್ಮನ್ನು ಕರೆಯುವನು. ಅವರ ಹೆಸರು ಇರುವ ತನಕ ನಮ್ಮ ಒಲೆ ಉರಿಯುತ್ತಿತ್ತು.

ಅವರ ಮನೆಯೊಳಗೂ ಇದೇ ಕಥೆ. ಒಂದು ಸಲ ಯುಗಾದಿಗೆ ಸುಣ್ಣ ಬಳಿಯಲು ಹೋಗಿದ್ದೆ. ಅವರು ಪಡಸಾಲೆಯಿಂದ "ಊಟಕ್ಕೆ ಆರು ಜನ, ಅಕ್ಕಿ ಒಂದೂವರೆ ಸೇರು" ಎಂದು ಕೂಗಿ ಹೇಳಿದರು. ಹೆಂಡತಿ ಒಳಗಿಂದ "ಆಯ್ತು" ಅಂದರು, ಅಂದು ಎರಡು ಸೇರು ಅಳೆದು ಹಾಕಿದರು. ನಾನು ನೋಡಿದ್ದು ಕಂಡು ನಕ್ಕರು. ನಾನೂ ನಕ್ಕೆ. ಆಕೆಯೂ ಗಾಡಿಗೆ ತಟ್ಟಿ ಕಟ್ಟುವವರೇ.

ಇನ್ನೊಂದು ಇಲ್ಲೇ ಹೇಳಿಬಿಡುತ್ತೇನೆ. ಅವರು ಸತ್ತದ್ದು ನಾನು ಈಗ ಹೇಳಹೊರಟಿರುವ ಸಂಗತಿಯಾಗಿ ನಾಲ್ಕು ವರ್ಷಕ್ಕೆ. ತಮ್ಮನ್ನು ಸುಡಲು ಎಷ್ಟು ಸೌದೆ ಬೇಕು ಎಂದು ತಾವೇ ಬರೆದಿಟ್ಟಿದ್ದರು, ಅರ್ಧ ಗಾಡಿ ಎಂದು. ಸೌದೆ ಗಾಡಿ ಹೊಡೆದವನು ನನ್ನ ಗಂಡ. ಸಂಜೆ ಮನೆಗೆ ಬಂದು ಕಾಲು ತೊಳೆದುಕೊಂಡು, "ತಟ್ಟಿ ಕಟ್ಕೊಂಡೇ ಓಗಿದ್ದೆ ಕಣೇ" ಅಂದ.

ಈಗ ಸಂಗತಿಗೆ ಬರುತ್ತೇನೆ.

ಊರಿನಲ್ಲಿ ಒಬ್ಬ ನಾಟಾ ಸಾಹುಕಾರ ಇದ್ದ. ಕಾಡಿನಿಂದ ಬಂದ ತೇಗ, ಹೊನ್ನೆ, ಮತ್ತಿ ಎಲ್ಲ ಅವನ ಡಿಪೋದಲ್ಲಿ ಬೀಳುತ್ತಿತ್ತು. ಪಿರಿಯಾಪಟ್ಟಣ, ಸಾಲಿಗ್ರಾಮ, ಗಾವಡಗೆರೆ ಕಡೆಯ ಯಾವ ಹೊಸ ಮನೆಗೆ ಹೋಗಿ ತಲೆ ಎತ್ತಿ ನೋಡಿದರೂ ಅವನು ಮಾರಿದ ತೊಲೆ ಕಾಣುತ್ತಿತ್ತು. ಅಂಥವನು ತನ್ನ ಮನೆ ಕಟ್ಟುವಾಗ, ಮರವೇ ಬೇಡ, ಚಾವಣಿ ಪೂರ್ತಿ ಸಿಮೆಂಟು ಕಾಂಕ್ರೀಟಿನದ್ದಾಗಬೇಕು ಅಂದ.

"ಊರ್ಗೆಲ್ಲಾ ತೊಲೆ ಮಾರ್ಬುಟ್ಟು ತಮ್ಗೆ ಬ್ಯಾಡ್ವಾ ಸಾವ್ಕಾರ್ರೆ?" ಎಂದು ಮೇಸ್ತ್ರಿ ಕೇಳಿದ.

"ಮಾರೋನು ನಾನು ಕಣಯ್ಯ. ಯಾವ ಮರ ಏನಾಗುತ್ತೆ ಅಂತ ನಂಗಲ್ದೆ ಇನ್ಯಾರಿಗೆ ಗೊತ್ತು?"

ನಮ್ಮ ಕಡೆ ಮನೆಗೆ ಕಾಂಕ್ರೀಟು ಹಾಕಿದವರು ಆಗ ಇರಲಿಲ್ಲ. ನಾನು ಅದರ ಹಿಂದಿನ ವರ್ಷ ಪಿರಿಯಾಪಟ್ಟಣದ ರಸ್ತೆಯಲ್ಲಿ ಒಂದು ಮೋರಿ ಕೆಲಸಕ್ಕೆ ಹೋಗಿದ್ದೆ, ಅಲ್ಲಿ ಹೊತ್ತಿದ್ದೆ. ಓವರ್ಸೀರು ಸ್ವಾಮಿಗಳಿಗೆ ಇದು ಹೊಸದು. ಹೊಸದು ಎಂದು ಅವರಿಗೆ ಅನ್ನಿಸಲಿಲ್ಲ. ಗೋಡೆ ಎದ್ದಿದ್ದ ಹಜಾರಕ್ಕೆ ಬಂದು ಟೇಪು ಬಿಚ್ಚಿದರು, ನಾನು ತುದಿ ಹಿಡಿದೆ. ಉದ್ದ ಹದಿನೆಂಟು ಅಡಿ, ಅಗಲ ಹದಿನಾಲ್ಕು, ಚಾವಣಿ ದಪ್ಪ ಐದಂಗುಲ.

"ನೂರೈದು ಘನ ಅಡಿ," ಅಂದರು. "ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. ಒಟ್ಟು ಏಳು ಪಾಲು. ನೂರೈದನ್ನ ಏಳರಿಂದ ಭಾಗಿಸಿದರೆ ಹದಿನೈದು. ಚೀಲಕ್ಕೆ ಒಂದೂಕಾಲು ಅಡಿ. ಸರಿಯಾಗಿ ಹನ್ನೆರಡು ಚೀಲ ಸಿಮೆಂಟು. ಶೇಷ ಇಲ್ಲ."

ಶೇಷ ಇಲ್ಲ ಅನ್ನುವಾಗ ಅವರ ಮುಖ ಬೆಳಗಿತು. ಸಾಹುಕಾರನದೂ ಬೆಳಗಿತು. ಓದಿದವರಿಗೆ ಶೇಷ ಉಳಿಯದಿದ್ದರೆ ಲೆಕ್ಕ ಸರಿ ಇದೆ ಎಂದೇ ಅರ್ಥ.

ಯುದ್ಧದ ಕಾಲವಾದ್ದರಿಂದ ಸಿಮೆಂಟು ಪರ್ಮಿಟ್ಟಿಲ್ಲದೆ ಸಿಗುತ್ತಿರಲಿಲ್ಲ. ಸ್ವಾಮಿಗಳ ಅಂದಾಜನ್ನೇ ಅರ್ಜಿಗೆ ಲಗತ್ತಿಸಿ ಕಳಿಸಿದರು. ಮೂರು ತಿಂಗಳಾದ ಮೇಲೆ ಹನ್ನೆರಡು ಚೀಲಕ್ಕೆ ಅಪ್ಪಣೆ ಬಂತು. ಆಮೇಲೆ ಇನ್ನೊಂದು ಚೀಲ ಬೇಕೆಂದರೆ ಮತ್ತೆ ಅರ್ಜಿ, ಮತ್ತೆ ಕಾಯುವುದು, ಕೊಟ್ಟರೆ ಉಂಟು ಇಲ್ಲದಿದ್ದರೆ ಇಲ್ಲ. ಇನ್ನೊಂದು ತೊಡಕು ಏನೆಂದರೆ ಕಾಂಕ್ರೀಟು ಹಾಕಲು ಶುರು ಮಾಡಿದರೆ ಒಂದೇ ದಿನದಲ್ಲಿ ಮುಗಿಸಬೇಕು. ಅರ್ಧಕ್ಕೆ ನಿಂತರೆ ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಕೂಡದೆ ಸೋರುತ್ತದೆ. ಇದನ್ನು ಎಲ್ಲರಿಗೂ ಹೇಳಿದವರು ಸ್ವಾಮಿಗಳೇ.

ಚೀಲ ಬಂದು ಇಳಿದ ದಿನ ಸಾಹುಕಾರನ ಜಗಲಿಯಲ್ಲಿ ನಾಲ್ಕೈದು ಜನ ಇದ್ದರು. ಸಾಹುಕಾರ ಕೇಳಿದ, "ಸಾಲದೆ ಬಂದ್ರೆ ಏನ್ ಗತಿ ಸ್ವಾಮಿ?"

"ಹದಿಮೂರನೇ ಚೀಲ ಬೇಕಾದ ದಿನ ಈ ಟೇಪು ನಿಮ್ಮ ಕೈಗೆ ಕೊಟ್ಟು ಮನೇಲಿ ಕೂರ್ತೀನಿ. ಆಮೇಲೆ ಯಾರ ಮನೇನೂ ಅಳೆಯೋದಿಲ್ಲ."

"ನಾಲ್ಕು ಜನದ ಮುಂದೆ ಅಂದಿದೀರಿ."

"ನಲವತ್ತು ಜನಾನ್ನ ಕರೀರಿ. ಅವರ ಮುಂದೂ ಅಂತೀನಿ."

ನಾವು ಹೆಂಗಸರು ಬಿಸಿಲಲ್ಲಿ ಜಲ್ಲಿ ಒಡೆಯುತ್ತಿದ್ದೆವು. ಪಕ್ಕದಲ್ಲಿ ಕೆಂಪಮ್ಮ, ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಬಾಯಿ ಬಿಟ್ಟರೆ ಬೆಂಕಿ. ನಾನು ಅವಳಿಗೆ ಹೇಳಿದೆ, "ಸಾಲಕಿಲ್ಲ ಕಣಕ್ಕಾ. ಮೋರಿ ಕೆಲ್ಸದಲ್ಲಿ ನೋಡಿವ್ನಿ. ಏಳು ಪೆಟ್ಗೆ ಆಕುದ್ರೆ ಐದೂ ಬರಕಿಲ್ಲ."

"ನಂಗೂ ಗೊತ್ತು ಬುಡು. ಮೇಸ್ತ್ರಿಗೂ ಗೊತ್ತು. ಗಾಡಿಯಾದ್ರೆ ತಟ್ಟಿ ಕಟ್ತಿದ್ರು. ಚೀಲಕ್ಕೇನ್ ಕಟ್ಟಾರು?"

ಮೇಸ್ತ್ರಿ ಅಲ್ಲೇ ಇದ್ದ. "ಸುಮ್ಕಿರ್ರಮ್ಮಿ. ಅವ್ರಿಗೆ ಯೋಳೋ ಗಂಡು ಯಾರವ್ನೆ?" ಅಂದ.

"ಗಂಡಿಲ್ದಿದ್ರೆ ಬುಡಪ್ಪಾ," ಅಂದಳು ಕೆಂಪಮ್ಮ. "ಒಲೆ ಬೂದಿ ಬೆರ್ಸು. ಬಣ್ಣ ಒಂದೇಯ."

ಅವನು ನಗಲಿಲ್ಲ. ಅದೂ ಅವನ ಮನಸ್ಸಿಗೆ ಬಂದಿತ್ತು ಅಂತ ಕಾಣುತ್ತದೆ.

ಆ ರಾತ್ರಿ ನನಗೆ ನಿದ್ದೆ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಮಲಗುವ ಮುಂಚೆ ಯೋಚನೆ ಮಾಡಿದೆ. ಸ್ವಾಮಿಗಳು ಮನೆಯಲ್ಲಿ ಕೂತರೆ ನಮ್ಮ ಗುಂಪಿಗೆ ಮನೆ ಕೊಡಿಸುವವರಿಲ್ಲ. ಕೆ.ಆರ್. ನಗರದ ಕಡೆಯ ಒಂದು ಗುಂಪು ಆಗಲೇ ಹುಣಸೂರಿನಲ್ಲಿ ಕೆಲಸ ಹುಡುಕುತ್ತಿತ್ತು. ಬೆಳಿಗ್ಗೆ ಎದ್ದು ಬಟ್ಟೆಯಲ್ಲಿ ನಾಲ್ಕು ಪಾವು ಒಣಗಿದ ಅವರೆಕಾಳು, ಎರಡು ಪಾವು ರಾಗಿ, ಒಂದು ಪಾವು ರಾಗಿಹಿಟ್ಟು ಬೇರೆ ಬೇರೆ ಗಂಟು ಕಟ್ಟಿಕೊಂಡೆ. ಪಾವನ್ನೂ ಒಂದು ಮೊರವನ್ನೂ ತೆಗೆದುಕೊಂಡೆ. ಗಂಡ ಕೇಳಿದ, "ಎತ್ಲಾಗೆ, ತೌರಿಗಾ?"

"ಓವರ್ಸೀರ್ಗೆ ಪಾಠ ಯೋಳ್ಕೊಡಕ್ಕೆ."

"ವಸಿ ಉಪ್ಪು ತಕೊಂಡೋಗು," ಅಂದ.

ಸ್ವಾಮಿಗಳು ಆ ದಿನ ಕಾಂಕ್ರೀಟು ಸುರಿಯಲು ಕೊಟ್ಟ ಹಲಗೆ, ಕಂಬ ಗಟ್ಟಿ ಇದೆಯೇ ನೋಡಲು ಬೇಗ ಬಂದಿದ್ದರು. ಬೇರೆ ಯಾರೂ ಇನ್ನೂ ಬಂದಿರಲಿಲ್ಲ. ಹಿತ್ತಲಲ್ಲಿ ಮೊರ ಇಟ್ಟು ಅವರನ್ನು ಕರೆದೆ.

"ಏನಮ್ಮ ಇದು, ಸಂತೆ ಹೂಡಿದ್ದೀಯಾ?"

"ನಾಕು ಪಾವು ಕಾಳು, ಇದು ಜಲ್ಲಿ ಅನ್ಕಳಿ. ಎಲ್ಡು ಪಾವು ರಾಗಿ, ಮರಳು. ಒಂದು ಪಾವು ಹಿಟ್ಟು, ಸಿಮೆಂಟು. ಎಲ್ಲಾ ಸೇರುದ್ರೆ ಎಷ್ಟು ಸ್ವಾಮಿ?"

"ಏಳು. ಇದನ್ನ ಕೂಡೋಕೆ ನನ್ನ ಕರೆದೆಯಾ?"

ಮೊರದಲ್ಲಿ ಮೂರನ್ನೂ ಸುರಿದು ಚೆನ್ನಾಗಿ ಬೆರೆಸಿದೆ. ಅವರ ಕಣ್ಣ ಮುಂದೆ ಪಾವಿನಲ್ಲಿ ತುಂಬ ತುಂಬ ಅಳೆದು ಬಟ್ಟೆ ಮೇಲೆ ಹಾಕಿದೆ. ಒಂದು, ಎರಡು, ಮೂರು, ನಾಲ್ಕು. ಐದನೆಯದು ಅರ್ಧಕ್ಕೆ ಮುಗಿಯಿತು.

ಅವರು ಬಗ್ಗಿ ಮೊರದ ಅಡಿ ನೋಡಿದರು. ನನ್ನ ಸೆರಗು ನೋಡಿದರು. "ಇನ್ನೊಂದು ಸಲ," ಅಂದರು.

ಬೇರೆ ಮಾಡಿ ತೋರಿಸಲು ಆಗುವುದಿಲ್ಲವಲ್ಲ, ಬೆರೆತದ್ದು ಬೆರೆತಿತ್ತು. ಅದನ್ನೇ ಮತ್ತೆ ಅಳೆದೆ. ನಾಲ್ಕೂವರೆ. ಆಗ ಅವರು ಕೊಡೆಯನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತರು. ನಾನು ಕಂಡ ಹಾಗೆ ಅದೇ ಮೊದಲು. ಪಾವನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಅಳೆದರು. ಪಂಚೆಯ ಮೇಲೆ ಹಿಟ್ಟು ಬಿತ್ತು, ಒರೆಸಿಕೊಳ್ಳಲಿಲ್ಲ.

"ಮಿಕ್ಕ ಎರಡೂವರೆ ಪಾವು ಎಲ್ಲಿ ಹೋಯಿತು?"

"ಎಲ್ಲೂ ಓಗಿಲ್ಲ ಸ್ವಾಮಿ. ಕಾಳಿನ ಸಂದೀಲಿ ರಾಗಿ ಕೂತೈತೆ, ರಾಗಿ ಸಂದೀಲಿ ಹಿಟ್ಟು ಕೂತೈತೆ. ಮೋರಿ ಕೆಲಸದಾಗೂ ಇಂಗೇ ಆಯ್ತು."

ಬೆರಳಲ್ಲಿ ಕಾಳು ರಾಗಿ ಕೆದಕಿ ನೋಡಿದರು. ಆಮೇಲೆ, "ಕಟ್ಟೇಲಿ ನಾನು ಕಟ್ಟಿ ಆದಮೇಲೆ ಅಳೀತಿದ್ದೆ," ಅಂದರು. ನನಗೆ ಹೇಳಿದ್ದಲ್ಲ, ಮೊರಕ್ಕೆ ಹೇಳಿದ ಹಾಗಿತ್ತು. ಕಟ್ಟುವ ಮುಂಚೆ ಎಷ್ಟು ತರಬೇಕು ಎಂದು ಅಲ್ಲಿ ಇನ್ನಾರೋ ನೋಡಿಕೊಳ್ಳುತ್ತಿದ್ದರು ಅಂತ ನನಗೆ ಆಗ ಗೊತ್ತಾಯಿತು.

ತಟ್ಟನೆ ತಲೆ ಎತ್ತಿದರು. "ಮತ್ತೆ ಸುಣ್ಣದ ಕೆಲಸ ಇಷ್ಟು ವರ್ಷ ಹೇಗೆ ಸರಿಹೋಯಿತು?"

ಗಾಡಿಯ ತಟ್ಟಿಯ ಮಾತು ಬಾಯಿ ತುದಿಗೆ ಬಂದಿತ್ತು. ನೋಡಿದೆ. ಮುದುಕರು ನೆಲದ ಮೇಲೆ ಕೂತಿದ್ದಾರೆ, ಪಂಚೆ ತುಂಬ ಹಿಟ್ಟು. ಒಂದು ಬೆಳಿಗ್ಗೆಗೆ ಇಷ್ಟು ಸಾಕು ಅನ್ನಿಸಿತು.

"ಸುಣ್ಣ ಬ್ಯಾರೆ ಸ್ವಾಮಿ. ಅದು ನೀರು ಕುಡುದ್ರೆ ಉಬ್ತದೆ."

"ಹೌದು," ಅಂದರು. "ಸುಣ್ಣ ಉಬ್ಬುತ್ತೆ." ಅವರ ಉಸಿರು ಸ್ವಲ್ಪ ಸಡಿಲಾಯಿತು. "ಹನ್ನೆರಡು ಚೀಲಕ್ಕೆ ಈ ಹಜಾರ ಎಲ್ಲೀತನಕ ಮುಚ್ಚಬಹುದು?"

ನನಗೆ ಅಡಿ, ಅಂಗುಲ ಬರುತ್ತಿರಲಿಲ್ಲ. ಹಜಾರದ ಉದ್ದಕ್ಕೆ ಒಂದು ಹಗ್ಗ ಹಿಡಿದು ಅದನ್ನು ಏಳು ಮಡಿಕೆ ಮಾಡಿದೆ. ಬಿಚ್ಚಿ, ನಾಲ್ಕೂವರೆ ಮಡಿಕೆ ಎಣಿಸಿ, ಅಲ್ಲಿ ಗೋಡೆಗೆ ಇದ್ದಿಲಲ್ಲಿ ಗೀಟು ಎಳೆದೆ. ಅವರು ಟೇಪು ಹಿಡಿದು ನೋಡಿದರು. ಹನ್ನೊಂದೂವರೆ ಅಡಿ. ಆಮೇಲೆ ಪುಸ್ತಕದಲ್ಲಿ ಲೆಕ್ಕ ಮಾಡಿದರು. ಅಲ್ಲೂ ಅದೇ ಬಂದಿರಬೇಕು, ಪುಸ್ತಕ ಮುಚ್ಚಿದರು.

"ಸಾವ್ಕಾರ್ರಿಗೆ ಯೋಳ್ಬುಡಿ ಸ್ವಾಮಿ. ಅವ್ರೇನು ತಿಂದಾಕಲ್ಲ."

"ಮೂವತ್ತೈದು ವರ್ಷ ಅಳೆದಿದ್ದೀನಿ," ಅಂದರು. ಎದ್ದು, ಕೊಡೆ ತೆಗೆದುಕೊಂಡು, ಹಿಟ್ಟಿನ ಪಂಚೆಯಲ್ಲೇ ಮನೆಗೆ ಹೋದರು.

ಸಾಯಂಕಾಲ ಪಂಚೆ ಬದಲಾಯಿಸಿಕೊಂಡು ಬಂದರು. ಸಾಹುಕಾರನನ್ನು ಹಜಾರದ ನಡುವೆ ನಿಲ್ಲಿಸಿ ಕೇಳಿದರು, "ಈ ಮನೆಗೆ ಆಯ ನೋಡಿಸಿದ್ದೀರಾ?"

ಇಲ್ಲಿ ಒಂದು ಮಾತು ಹೇಳಬೇಕು. ಮನೆಯ ಉದ್ದ ಅಗಲ ಗುಣಿಸಿ ಭಾಗಿಸಿ, ಇದು ಆನೆ ಆಯ, ಇದು ಕತ್ತೆ ಆಯ, ಇದು ಕಾಗೆ ಆಯ ಎಂದು ಶುಭ ಅಶುಭ ನೋಡುವ ಪದ್ಧತಿ ನಮ್ಮಲ್ಲಿ ಇತ್ತು, ಈಗಲೂ ಇದೆ. ಸ್ವಾಮಿಗಳಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಗೋಡೆಗೆ ಕತ್ತೆ ಕಿವಿ ಬರುತ್ತೇನ್ರಯ್ಯ?" ಎಂದು ಎಷ್ಟು ಜನರನ್ನು ಗದರಿಸಿದ್ದರೋ. ಅಂಥವರ ಬಾಯಲ್ಲಿ ಆಯ ಕೇಳಿ ಮೇಸ್ತ್ರಿ ಕರಣೆ ಕೆಳಗಿಟ್ಟ.

"ನೀವೇ ಅದೆಲ್ಲಾ ಸುಳ್ಳು ಅಂತಿದ್ರಲ್ಲ ಸ್ವಾಮಿ," ಅಂದ ಸಾಹುಕಾರ.

"ಬೇರೆಯವರ ಮನೆಗೆ ಅಂದಿರಬಹುದು. ನಿಮ್ಮ ಮನೆ ಅಂತ ಗುಣಿಸಿ ನೋಡಿದೆ. ಹದಿನೆಂಟಡಿಗೆ ಕತ್ತೆ ಬರುತ್ತೆ."

ಸಾಹುಕಾರ ಮುಖ ಒರೆಸಿಕೊಂಡ. ದೊಡ್ಡ ವ್ಯಾಪಾರಸ್ಥ, ಆದರೂ ಕತ್ತೆಯ ಮನೆಯಲ್ಲಿ ಇರಲು ಯಾರಿಗೆ ಇಷ್ಟ? "ಪರಿಹಾರ?"

ಸ್ವಾಮಿಗಳು ನನ್ನ ಇದ್ದಿಲ ಗೀಟಿನ ಮೇಲೆ ಕೊಡೆಯ ತುದಿ ಇಟ್ಟರು. "ಇಲ್ಲಿಗೆ ಒಂದು ಅಡ್ಡಗೋಡೆ. ಒಳಗಡೆ ಹನ್ನೊಂದೂವರೆ ಅಡಿ, ಆನೆ ಆಯ. ಅದಕ್ಕೆ ಕಾಂಕ್ರೀಟು. ಮುಂದಿನ ಆರೂವರೆ ಅಡಿಗೆ ತೊಲೆ ಹಾಕಿ ಹೆಂಚು ಹೊದಿಸೋದು."

"ತೊಲೆ," ಅಂದ ಸಾಹುಕಾರ.

"ನಿಮ್ಮ ಡಿಪೋದಲ್ಲಿ ಸಿಗದೆ ಇರುತ್ತಾ?"

ಕೆಂಪಮ್ಮ ಬಾಯಿಗೆ ಸೆರಗು ಅದುಮಿಕೊಂಡು ಗೋಡೆಯ ಆಚೆ ಹೋದಳು. ಸಾಹುಕಾರ ಒಪ್ಪಿದ. ಒಪ್ಪಿ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. ವ್ಯಾಪಾರದವನ ತಲೆ, ಆಯದ ಭಯ ಎಷ್ಟು ಹೊತ್ತು ನಿಲ್ಲುತ್ತೆ?

"ಅಲ್ಲ ಸ್ವಾಮಿ. ಹದಿನೆಂಟಡಿಗೆ ಹನ್ನೆರಡು ಚೀಲ ಅಂದ್ರಿ. ಹನ್ನೊಂದೂವರೆಗೆ ನಾಲ್ಕು ಚೀಲವಾದ್ರೂ ಮಿಗಬೇಕಲ್ಲ?"

ಸ್ವಾಮಿಗಳು ಇದನ್ನು ಯೋಚಿಸಿರಲಿಲ್ಲ. ಟೇಪಿನ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಮಾಡಿದರು. ಮೇಸ್ತ್ರಿ ನೆಲ ನೋಡಿದ. ನಾನು ತಲೆ ಮೇಲೆ ಬಾಂಡ್ಲಿ ಹೊತ್ತು ಹೋಗುತ್ತಿದ್ದವಳು ಅಲ್ಲೇ ನಿಂತೆ.

"ಆನೆ ಆಯಕ್ಕೆ ಪಾಕ ಗಟ್ಟಿ ಇರ್ಬೇಕು, ಸಿಮೆಂಟು ಜಾಸ್ತಿ ಇಡೀತದೆ ಅಂತ ಬೆಳಗ್ಗೆ ಅಂದ್ರಲ್ಲ ಸ್ವಾಮಿ," ಅಂದೆ.

ಅವರು ನನ್ನ ಕಡೆ ನೋಡಿದರು. ಒಂದೇ ಗಳಿಗೆ. ಆಮೇಲೆ ಸಾಹುಕಾರನ ಕಡೆ ತಿರುಗಿ, "ಅದನ್ನೇ ಹೇಳೋಣ ಅಂತಿದ್ದೆ," ಅಂದರು. ಅಂದವರು ಅರ್ಧ ಗಂಟೆ ಹೇಳಿದರು. ತೆಳು ಪಾಕ ಎಂದರೇನು, ಗಟ್ಟಿ ಪಾಕ ಎಂದರೇನು, ಮೇಲೆ ಆನೆ ಬಂದು ನಿಂತರೆ ಎಷ್ಟು ಭಾರ, ಅದರ ನಾಲ್ಕು ಕಾಲಿಗೆ ಅದು ಹೇಗೆ ಹಂಚಿ ಹೋಗುತ್ತದೆ. ನನಗೆ ಕತ್ತು ನೋಯಲು ಶುರುವಾಯಿತು, ಬಾಂಡ್ಲಿ ಇಳಿಸಲು ಹೋದೆ. ಸಾಹುಕಾರ ಮಾತ್ರ ಒಂದು ಮಾತೂ ಬಿಡದೆ ಕೇಳಿದ. ಆಮೇಲೆ ಬದುಕಿದ್ದಷ್ಟು ದಿನ, ತನ್ನ ಮನೆಗೆ ಹಾಕಿರುವುದು ಆನೆ ಪಾಕ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಹಾಕಿದ್ದು ಒಂದು, ಎರಡು, ನಾಲ್ಕೇ.

ಅಡ್ಡಗೋಡೆ ನಾಲ್ಕು ದಿನದಲ್ಲಿ ಎದ್ದಿತು. ಐದನೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಕಾಂಕ್ರೀಟು ಶುರು. ಏಣಿಯ ಮೇಲೆ ಸಾಲು ನಿಂತು ಬಾಂಡ್ಲಿ ಕೈಯಿಂದ ಕೈಗೆ ಕೊಟ್ಟೆವು. ಸಾಹುಕಾರ ಊರಿನ ಹತ್ತು ಜನರನ್ನು ಕರೆದು ಕುರ್ಚಿ ಹಾಕಿಸಿದ್ದ. ಹದಿಮೂರನೆಯ ಚೀಲದ ಮಾತನ್ನು ಅವನು ಮರೆತಿರಲಿಲ್ಲ. ಸ್ವಾಮಿಗಳು ಬಿಸಿಲಲ್ಲಿ ನಿಂತೇ ಇದ್ದರು, ನೀರು ಕೂಡ ಕುಡಿಯಲಿಲ್ಲ. ಒಂದೊಂದು ಚೀಲ ಬಿಚ್ಚಿದಾಗಲೂ ಖಾಲಿ ಚೀಲವನ್ನು ಮಡಿಸಿ ತಮ್ಮ ಕಾಲ ಬಳಿ ಇಟ್ಟುಕೊಳ್ಳುತ್ತಿದ್ದರು. ಒಂಬತ್ತನೆಯದಕ್ಕೆ ಮೇಸ್ತ್ರಿ ಮೇಲಿಂದ "ಇನ್ನೂ ಎಲ್ಡೂವರೆ ಮೊಳ ಐತೆ" ಅಂದ. ಹನ್ನೊಂದಕ್ಕೆ "ಒಂದು ಮೊಳದ ಮೇಲೆ" ಅಂದ. ಹನ್ನೆರಡನೆಯ ಚೀಲ ಬಿಚ್ಚಿದಾಗ ಅವರು ಮೇಲೆ ನೋಡಲಿಲ್ಲ, ನನ್ನನ್ನು ನೋಡಿದರು. ಹಗ್ಗ ನನ್ನದು, ಗೀಟು ನನ್ನದು, ಹೋಗುವ ಹೆಸರು ಅವರದು.

ಸಂಜೆ ನಾಲ್ಕರ ಹೊತ್ತಿಗೆ ಮೇಸ್ತ್ರಿ ಮೇಲಿಂದ "ಆಯ್ತು" ಅಂದ. ಕೆಳಗೆ ತಗಡಿನ ಮೇಲೆ ಒಂದೂವರೆ ಬಾಂಡ್ಲಿ ಕಾಂಕ್ರೀಟು ಮಿಕ್ಕಿತ್ತು.

ಕುರ್ಚಿಯವರು ಎದ್ದು ಬಂದರು. ಸಾಹುಕಾರ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ಕೊಟ್ಟ. "ಲೆಕ್ಕ ಅಂದ್ರೆ ನಿಮ್ದು ಸ್ವಾಮಿ," ಅಂದ. ಅವರು ಎಲ್ಲರ ಕಡೆಯೂ ಒಂದು ಸಲ ನೋಡಿ, "ನೋಡಿದಿರಾ" ಅಂದರು.

ಜನ ಹೋದ ಮೇಲೆ ನಾನು ಬಾಂಡ್ಲಿ ತೊಳೆಯುತ್ತಿದ್ದಲ್ಲಿಗೆ ಬಂದರು. ಏನಾದರೂ ಒಳ್ಳೆಯ ಮಾತು ಬರುತ್ತದೆಂದು ಕೆಂಪಮ್ಮ ನನ್ನ ಪಕ್ಕೆಗೆ ತಿವಿದಳು.

"ಒಂದೂವರೆ ಬಾಂಡ್ಲಿ ಮಿಕ್ಕಿತಮ್ಮ," ಅಂದರು. "ಮುಂದೆ ಹಗ್ಗ ಮಡಿಸುವಾಗ ನೋಡಿ ಮಡಿಸು."

"ಆಗ್ಲಿ ಸ್ವಾಮಿ."

ಹೋಗಲಿಲ್ಲ, ಅಲ್ಲೇ ನಿಂತರು. "ಇದರ ಗುಟ್ಟು ಹೇಳ್ತೀನಿ ಕೇಳು. ಜಲ್ಲಿಯ ಸಂದಿಯಲ್ಲಿ ಮರಳು ಕೂರುತ್ತೆ. ಮರಳಿನ ಸಂದಿಯಲ್ಲಿ ಸಿಮೆಂಟು ಕೂರುತ್ತೆ. ಹಾಗಾಗಿ ಏಳು ಅಳತೆ ಹಾಕಿದರೆ ಏಳು ಬರೋದಿಲ್ಲ. ಹೊರೋರಿಗೆ ಇದು ತಿಳಿಯೋದಿಲ್ಲ. ಅಳತೆ ಮಾಡೋನಿಗೆ ತಿಳೀಬೇಕು."

ನಾನು ಅವರ ಮುಖ ನೋಡಿದೆ. ಹಾಸ್ಯ ಮಾಡುತ್ತಿರಲಿಲ್ಲ. ಐದು ದಿನದಲ್ಲಿ ಅದು ಅವರದೇ ಆಗಿಬಿಟ್ಟಿತ್ತು.

"ಔದಾ ಸ್ವಾಮಿ," ಅಂದೆ. ಕೆಂಪಮ್ಮ ನೀರಿನ ತೊಟ್ಟಿಯೊಳಗೆ ಮುಖ ಹಾಕಿಕೊಂಡು ಕೆಮ್ಮಿದಳು.

"ನಿನಗೂ ಸ್ವಲ್ಪ ತಿಳುವಳಿಕೆ ಇದೆ. ಕಾಂಕ್ರೀಟು ಒಣಗಬಾರದು, ಮೇಲೆ ಎರಡು ಬೆರಳು ನೀರು ನಿಲ್ಲಬೇಕು. ನಾಳೆಯಿಂದ ಆ ಕೆಲಸ ನಿನ್ನದು. ಲೆಕ್ಕ ಮಾಡಿದ್ದೇನೆ, ಮೂವತ್ತು ಬಿಂದಿಗೆ. ಹೆಚ್ಚಿಲ್ಲ, ಕಮ್ಮಿ ಇಲ್ಲ." ಅಷ್ಟರಲ್ಲಿ ಗಾವಡಗೆರೆಯಿಂದ ಬಂದಿದ್ದ ಒಬ್ಬರು ತಮ್ಮ ಮನೆಗೂ ಅಂದಾಜು ಬರೆದುಕೊಡಬೇಕೆಂದು ಅವರನ್ನು ಕರೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ಬಿಸಿಲು ಏಳುವ ಮುಂಚೆ ಚಾವಣಿ ಹತ್ತಿದೆ. ಅಂಚಿಗೆಲ್ಲ ಜೇಡಿಮಣ್ಣಿನ ಏರಿ ಕಟ್ಟಿ ಬಾವಿಯಿಂದ ನೀರು ಹೊರಲು ಶುರು ಮಾಡಿದೆ. ಹಸಿ ಏರಿ ಕುಡಿಯಿತು, ಕಾಂಕ್ರೀಟು ಕುಡಿಯಿತು. ಮೂವತ್ತನೆಯ ಬಿಂದಿಗೆ ಸುರಿದಾಗ ನೀರು ಒಂದು ಬೆರಳೂ ನಿಂತಿರಲಿಲ್ಲ. ಕೆಳಗೆ ಸ್ವಾಮಿಗಳು ಗಾವಡಗೆರೆಯವರ ಜೊತೆ ಬಂದು ಕೊಡೆ ಊರಿ ನಿಂತಿದ್ದರು.

"ಎಷ್ಟು ಹಿಡಿಯಿತಮ್ಮ?"

"ಮೂವತ್ತು ಸ್ವಾಮಿ. ಸರಿಯಾಗೈತೆ."

"ನೋಡಿದಿರಾ," ಎಂದು ಅವರು ಗಾವಡಗೆರೆಯವರಿಗೆ ಹೇಳಿದ್ದು ಕೇಳಿಸಿತು. ಅವರಿಬ್ಬರೂ ಬೀದಿಯ ತಿರುವು ದಾಟುವ ತನಕ ಕಾದೆ. ಆಮೇಲೆ ಇಳಿದು ಇನ್ನೂ ಹನ್ನೆರಡು ಬಿಂದಿಗೆ ಹೊತ್ತೆ.